ಮದುವೆ, ಮಗುವಿನ ನಡುವೆ ಪಿಎಚ್‌ಡಿ ಮುಗಿಸಲು ಮಹಿಳೆಯರು ಸ್ವತಃ ಏನೇನು ನೋಡಿಕೊಳ್ಳಬೇಕು?

ಗೈಡ್ ಹೇಳುತ್ತಾರೆಂದು ಕಾಯುತ್ತ ಕೂರದೆ, ನಿಯಮವನ್ನು ನೀವೇ ಓದಿಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಾವಳಿಯಂತೆ ಪ್ರವೇಶದಿಂದ ಗರಿಷ್ಠ 6 ವರ್ಷ, ಮರುನೋಂದಣಿಯಾದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು; ಒಟ್ಟು 10 ದಾಟುವಂತಿಲ್ಲ. ಹೆರಿಗೆ ಅಥವಾ ಶಿಶುಪಾಲನಾ ರಜೆ ಇಡೀ ಅವಧಿಗೆ 240 ದಿನಗಳವರೆಗೆ ಸಿಗಬಹುದು.

ಹೆಚ್ಚಿನವರು ಎಡವುವುದು ಈ ರಜೆಯಲ್ಲೇ. ಗೈಡ್‌ಗೆ ಬಾಯಿಮಾತಲ್ಲಿ ಹೇಳಿ ಹೊರಟುಬಿಡುತ್ತಾರೆ. ಗೈಡ್ ಬದಲಾದರೆ, ನಿವೃತ್ತರಾದರೆ ಆ ಮಾತಿಗೆ ಸಾಕ್ಷಿಯೇ ಇಲ್ಲ. ಕಡತದಲ್ಲಿ ಅದು ಬರೀ ಗೈರುಹಾಜರಿ. ಅರ್ಜಿಯಲ್ಲಿ ಹೋಗುವ ಮತ್ತು ಮರಳುವ ದಿನಾಂಕ ಬರೆದು, ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ. ಕಚೇರಿಯ ಸೀಲು, ಇನ್‌ವರ್ಡ್ ನಂಬರ್ (ಸ್ವೀಕೃತಿ ಸಂಖ್ಯೆ) ಬಿದ್ದ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು. ಮಂಜೂರಾತಿ ಪತ್ರ ಬರುವ ತನಕ ಬೆನ್ನುಬಿಡಬೇಡಿ. ಫೆಲೋಶಿಪ್ ಇದ್ದರೆ ಅದರ ರಜೆ ನಿಯಮವನ್ನೂ ಪ್ರತ್ಯೇಕವಾಗಿ ನೋಡಿ.

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಸಮಿತಿ ಸೂಚಿಸಿದ ತಿದ್ದುಪಡಿಗಳನ್ನು ಅಂದೇ ನಾಲ್ಕು ಸಾಲಲ್ಲಿ ಬರೆದು ಗೈಡ್‌ಗೆ ಇಮೇಲ್ ಮಾಡಿ. ಮುಂದೆ ‘ಕೆಲಸವೇ ಆಗಿಲ್ಲ’ ಎಂಬ ತಕರಾರು ಬಂದರೆ ಉತ್ತರ ಅದರಲ್ಲೇ ಇರುತ್ತದೆ.

ಮದುವೆಯಾಗಿ ಊರು ಬದಲಾಯಿತೆಂದು ಬಿಟ್ಟುಬಿಡುವವರೂ ಇದ್ದಾರೆ, ಅಗತ್ಯವಿಲ್ಲ. ನಿಯಮದ ಉಳಿದ ಷರತ್ತುಗಳನ್ನು ಪೂರೈಸಿದರೆ ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ಒಯ್ಯಬಹುದು. ಹಳೆಯ ಸಂಸ್ಥೆಗೂ ಗೈಡ್‌ಗೂ ಮನ್ನಣೆ ಕೊಡಬೇಕು, ಅಷ್ಟೇ. ಆದರೆ ಆ ಕೆಲಸ ಹಳೆಯ ಸಂಸ್ಥೆ ಅಥವಾ ಗೈಡ್ ಅನುದಾನ ಪಡೆದ ಯೋಜನೆಗೆ ಸೇರಿದ್ದರೆ ಒಯ್ಯುವಂತಿಲ್ಲ. ಹಾಗಾಗಿ ಯೋಜನೆಗೆ ಸೇರಿದ ವಿಷಯ ಒಪ್ಪಿಕೊಳ್ಳುವ ಮೊದಲೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.