ಓದುಗರ ಪ್ರಶ್ನೆ: ಹತ್ತಕ್ಕೆ ನಾಲ್ಕು ಹೊಡೆದ ಟೆಡ್ ವಿಲಿಯಮ್ಸ್

ಪ್ರಶ್ನೆ: ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ 1941ರಲ್ಲಿ ಪಡೆದ .406 ಸರಾಸರಿಯನ್ನು ಎಲ್ಲರೂ ಹೊಗಳುತ್ತಾರೆ. ಹತ್ತರಲ್ಲಿ ಆರು ಸಲ ಔಟಾದವನು ದೊಡ್ಡ ಆಟಗಾರ ಹೇಗಾಗ್ತಾನೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಕ್ರಿಕೆಟ್ ಸರಾಸರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚೆಂಡು ಹೊಡೆದು, ಫೀಲ್ಡರ್ ತಪ್ಪು ಮಾಡದಿದ್ದರೂ ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ಮುಟ್ಟಿದರೆ ಒಂದು ಹಿಟ್. ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದರೆ ಸರಾಸರಿ. ಪಿಚರ್, ಅಂದರೆ ಚೆಂಡು ಎಸೆಯುವವನು, ಎಸೆಯುವುದು 18.44 ಮೀಟರ್‌ನಿಂದ. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಎದುರಿಗಿರುತ್ತದೆ. ಕ್ರಿಕೆಟ್ ಬ್ಯಾಟು ಚಪ್ಪಟೆ, 10.8 ಸೆಂ.ಮೀ. ಅಗಲ, ಬೇಸ್‌ಬಾಲ್ ಬ್ಯಾಟು ದುಂಡು, ಅತಿ ದಪ್ಪ ಜಾಗದಲ್ಲೂ 6.6 ಸೆಂ.ಮೀ. ದಾಟುವಂತಿಲ್ಲ. ಚೆಂಡಿನ ನಡುವಿಗಿಂತ ತುಸು ಮೇಲೆ ತಗುಲಿದರೆ ನೆಲಕ್ಕೆ, ತುಸು ಕೆಳಗೆ ತಗುಲಿದರೆ ಆಕಾಶಕ್ಕೆ. ಹಾಗಾಗಿ ಹತ್ತಕ್ಕೆ ಮೂರು ಹೊಡೆದವನೇ ಒಳ್ಳೆಯ ಬ್ಯಾಟರ್.

1941ರ ಋತುವಿನ ಕೊನೆಯ ದಿನ ಸೆಪ್ಟೆಂಬರ್ 28. ಬೆಳಿಗ್ಗೆ ಅವರ ಲೆಕ್ಕ 448ಕ್ಕೆ 179, ಅಂದರೆ .39955. ಪುಸ್ತಕದಲ್ಲಿ ಅದು .400 ಎಂದೇ ಬರುತ್ತಿತ್ತು, ಆಡದೆ ಕೂತಿದ್ದರೂ ನಡೆಯುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಆ ದಿನದ ಎರಡೂ ಪಂದ್ಯ ಆಡಿ ಎಂಟಕ್ಕೆ ಆರು ಹೊಡೆದರು: 456ಕ್ಕೆ 185, .406. ಆಮೇಲೆ ಅಲ್ಲಿನ ಎರಡು ದೊಡ್ಡ ಲೀಗ್‌ಗಳಾದ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ .400 ಮುಟ್ಟಿದವರಿಲ್ಲ.

ಪ್ರಶ್ನೆ: ಅವರು ಯುದ್ಧಕ್ಕೂ ಹೋಗಿದ್ದರಂತೆ, ನಿಜವೇ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ನಿಜ. 1943ರಿಂದ 1945ರವರೆಗೆ ಸೇನೆಯಲ್ಲಿದ್ದು ಪೂರ್ತಿ ಮೂರು ಋತು ಆಡಲಿಲ್ಲ. 1952–53ರಲ್ಲಿ ಮತ್ತೆ ಕರೆ ಬಂದು, ಕೊರಿಯಾದಲ್ಲಿ ಪೈಲಟ್ ಆಗಿ 39 ಯುದ್ಧ ಹಾರಾಟ ನಡೆಸಿದರು. ಇಷ್ಟು ಕಳೆದುಕೊಂಡೂ ಬೋಸ್ಟನ್ ರೆಡ್ ಸಾಕ್ಸ್ ತಂಡಕ್ಕೆ 521 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಹೊಡೆದರು. 1960ರಲ್ಲಿ ಕೊನೆಯ ಸರದಿಗೆ ನಿಂತಾಗಲೂ ಹೋಮ್ ರನ್ನೇ.

ಪ್ರಶ್ನೆ: ನಾನು ದೈಹಿಕ ಶಿಕ್ಷಕ. ಕ್ರಿಕೆಟ್ ಆಡುವ ಹುಡುಗರನ್ನು ಸಾಫ್ಟ್‌ಬಾಲ್‌ಗೆ ತಂದಿದ್ದೇನೆ. ಬಂದದ್ದನ್ನೆಲ್ಲ ಬೀಸಿ ಮೇಲಕ್ಕೆ ಎತ್ತಿ ಕ್ಯಾಚ್ ಕೊಡುತ್ತಾರೆ. ವಿಲಿಯಮ್ಸ್‌ರಿಂದ ಏನು ಕಲಿಸಬಹುದು?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮಾಸ್ತರೇ, ಅವರ ಬೀಸು ಕಲಿಸಬೇಡಿ. ಬೇಸ್‌ಬಾಲ್‌ನಲ್ಲಿ ಪಿಚರ್ ನಿಲ್ಲುವ ದಿಬ್ಬದಿಂದ ಎಸೆದ ಚೆಂಡು ಇಳಿಯುತ್ತ ಬರುತ್ತದೆ, ಅದಕ್ಕೆ ಎದುರಾಗಿ ಅವರ ಬ್ಯಾಟು ತುಸು ಮೇಲ್ಮುಖವಾಗಿ ಬರುತ್ತಿತ್ತು. ಸಾಫ್ಟ್‌ಬಾಲ್‌ನಲ್ಲಿ ಸಮನೆಲದಿಂದ, ಸೊಂಟದ ಮಟ್ಟದಿಂದ ಎಸೆಯುತ್ತಾರೆ. ಅಲ್ಲಿ ಹಿಂದಿನ ಭುಜ ಇಳಿದರೆ ಚೆಂಡು ನೇರ ಆಕಾಶಕ್ಕೆ. ಸ್ಟ್ಯಾಂಡಿನ ಮೇಲೆ ಸೊಂಟದೆತ್ತರಕ್ಕೆ, ಮುಂಗಾಲಿನಿಂದ ತುಸು ಮುಂದಕ್ಕೆ ಚೆಂಡಿಟ್ಟು ಹೊಡೆಸಿ. ಹಿಡಿ ಅಂಗೈಯಲ್ಲಲ್ಲ, ಬೆರಳುಗಳಲ್ಲಿರಲಿ. ಮೊದಲು ಮುಂಗಾಲು, ಆಮೇಲೆ ಸೊಂಟ, ಕೊನೆಗೆ ಕೈ. ಕೈ ಮೊದಲು ಹೋದರೆ ಬಲ ತೋಳಿನದಷ್ಟೇ.

ಕಲಿಸಬೇಕಾದದ್ದು ಅವರ ಕಣ್ಣನ್ನು. ಸ್ಟ್ರೈಕ್ ವಲಯವನ್ನು (ಬ್ಯಾಟರ್ ಮುಂದೆ ಮೊಣಕಾಲಿನಿಂದ ಎದೆಯವರೆಗಿನ ಜಾಗ; ಇಲ್ಲಿ ಬಂದ ಚೆಂಡು ಬಿಟ್ಟರೆ ಒಂದು ಸ್ಟ್ರೈಕ್, ಎಲ್ಲೇ ಬೀಸಿ ತಪ್ಪಿದರೂ ಸ್ಟ್ರೈಕ್) ಅಡ್ಡಕ್ಕೆ 7, ಉದ್ದಕ್ಕೆ 11, ಹೀಗೆ 77 ಚೆಂಡುಗಳಾಗಿ ವಿಂಗಡಿಸಿ, ಒಂದೊಂದು ಜಾಗಕ್ಕೂ ತಮ್ಮ ಸರಾಸರಿ ಬರೆದಿದ್ದರು: ನಡುವಿನ ಇಷ್ಟದ ಜಾಗಕ್ಕೆ .400, ಕೆಳಗಿನ ಹೊರಮೂಲೆಗೆ .230. ಅದೇ ಆಟಗಾರ, ಅದೇ ಬ್ಯಾಟು, ಚೆಂಡು ಬೇರೆ. ವಲಯದ ಹೊರಗಿನ ನಾಲ್ಕು ಚೆಂಡು ಬಿಟ್ಟರೆ ಮೊದಲ ಬೇಸ್ ಪುಕ್ಕಟೆ, ಸರಾಸರಿಗೂ ಪೆಟ್ಟಿಲ್ಲ. 1941ರಲ್ಲಿ ಅವರು ಹೀಗೆ 147 ಸಲ ಮೊದಲ ಬೇಸ್‌ಗೆ ನಡೆದರು, ಮೂರು ಸ್ಟ್ರೈಕ್ ಆಗಿ ಔಟಾದದ್ದು ಬರೀ 27 ಸಲ.

ಶಾಲೆಯ ಗೋಡೆ ಮೇಲೆ ಹುಡುಗನ ಮೊಣಕಾಲಿನಿಂದ ಎದೆಯವರೆಗೆ ಸೀಮೆಸುಣ್ಣದಲ್ಲಿ ಆ ಚೆಂಡುಗಳಂತೆ ದುಂಡು ಸುತ್ತುಗಳನ್ನು ಬರೆಯಿರಿ. ಚಿಕ್ಕವರಿಗೆ ಎತ್ತರಕ್ಕೆ 9 ಸಾಕು. ಟೆನಿಸ್ ಚೆಂಡು ನೀರಲ್ಲಿ ಅದ್ದಿ ಎಸೆಯಿರಿ. ಬ್ಯಾಟಿಲ್ಲದೆ ಪಕ್ಕದಲ್ಲಿ ನಿಂತವನು, ಚೆಂಡು ಗೋಡೆಗೆ ಬಡಿಯುವ ಮುನ್ನ "ಹೊಡೀತೀನಿ" ಅಥವಾ "ಬ್ಯಾಡ" ಎನ್ನಬೇಕು. ಒದ್ದೆ ಗುರುತು ನಿಜ ಹೇಳುತ್ತದೆ. ನಿಮ್ಮ ಕಡೆಯ ಬಿಸಿಲಿಗೆ ಗುರುತು ಬೇಗ ಆರುತ್ತದೆ, ಕೂಡಲೇ ನೋಡಿ. ತಪ್ಪು ಹೆಚ್ಚಾಗುವುದು ಮೊಣಕಾಲಿನ ಕೆಳಗೆ: ಪುಟಿದೆದ್ದ ಚೆಂಡಿಗೆ ಕಾದು ರೂಢಿಯಾದವರಿಗೆ ಪುಟಿಯದ ಚೆಂಡು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ.

ಎರಡು ಸ್ಟ್ರೈಕ್ ಆದಮೇಲೆ ಮಾತ್ರ ಇಷ್ಟದ ಜಾಗಕ್ಕೆ ಕಾಯುವಂತಿಲ್ಲ. ಆಗ ಹಿಡಿಯನ್ನು ಒಂದಿಂಚು ಮೇಲೇರಿಸಿ, ಚಿಕ್ಕದಾಗಿ ಬೀಸಲು ಹೇಳಿ.