ರಫ್ತಿನಿಂದ ಕಾರ್ಖಾನೆ ಬೆಳೆಯಿತೇ, ಬೆಳೆದದ್ದೇ ರಫ್ತಿಗೆ ಇಳಿಯಿತೇ?

ಪ್ರಶ್ನೆ: ಕರಾವಳಿಯ ಗೇರುಬೀಜ ಕಾರ್ಖಾನೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ರಫ್ತು ಮಾಡುವ ಘಟಕಗಳಲ್ಲಿ ತಲಾ ಕಾರ್ಮಿಕರ ಉತ್ಪಾದನಾ ಮೌಲ್ಯ ಹೆಚ್ಚಿದೆ. ಇದು ರಫ್ತಿನ ಫಲ ಎನ್ನಬಹುದೇ?
– ಸಂಶೋಧನಾ ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ಹೊರದೇಶದ ಖರೀದಿದಾರರನ್ನು ಹುಡುಕಲು, ಗುಣಮಟ್ಟದ ಪರೀಕ್ಷೆಗೆ, ಕಾಗದಪತ್ರಕ್ಕೆ ಮೊದಲೇ ದುಡ್ಡು ಹಾಕಬೇಕು. ಅದನ್ನು ತಾಳಿಕೊಳ್ಳುವ ಘಟಕ ಮೊದಲೇ ಗಟ್ಟಿಯಾಗಿರುತ್ತದೆ. ಅರ್ಥಶಾಸ್ತ್ರಜ್ಞ ಮಾರ್ಕ್ ಮೆಲಿಟ್ಜ್ 2003ರಲ್ಲಿ ಮಂಡಿಸಿದ ಮಾದರಿಯ ಸಾರವೂ ಇದೇ. ಘಟಕ ಮೊದಲ ಸಲ ರಫ್ತು ಮಾಡಿದ ವರ್ಷವನ್ನು ಸೊನ್ನೆ ಎಂದಿಟ್ಟು ಹಿಂದಿನ ಮೂರು, ಮುಂದಿನ ಮೂರು ವರ್ಷಗಳ ಲೆಕ್ಕ ತೆಗೆದು, ಇನ್ನೂ ರಫ್ತಿಗಿಳಿಯದ ಘಟಕಗಳ ಜೊತೆ ಹೋಲಿಸಿ. ಸೊನ್ನೆಗೆ ಮೊದಲೇ ಉತ್ಪಾದಕತೆಯ ಗೆರೆ ಏರತೊಡಗಿದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ.

ಅಳತೆಯ ತೊಡಕು ಇನ್ನೂ ದೊಡ್ಡದು. ರೂಪಾಯಿ ಲೆಕ್ಕದಲ್ಲಿ ಬೆಲೆ ಏರಿದರೂ ಉತ್ಪಾದಕತೆ ಏರಿದಂತೆ ಕಾಣುತ್ತದೆ. ಗೇರುಬೀಜದಲ್ಲಿ ಇದರಿಂದ ಪಾರಾಗುವ ದಾರಿಯಿದೆ, ದಯವಿಟ್ಟು ಬಿಡಬೇಡಿ: 80 ಕಿಲೋ ಮೂಟೆಗೆ ಎಷ್ಟು ಪೌಂಡ್ ತಿರುಳು ಬಂತು, ಅದರಲ್ಲಿ ಇಡಿ ಬೀಜ ಶೇಕಡಾ ಎಷ್ಟು ಎಂದು ಬರೆದುಕೊಳ್ಳಿ. ಮೊದಲನೆಯದು ಬಹುಪಾಲು ಕಚ್ಚಾ ಬೀಜದ ಗುಣ. ಐವರಿ ಕೋಸ್ಟ್‌ನದೋ, ಬೆನಿನ್‌ನದೋ, ಊರಿನದೋ ಎಂಬುದೂ ಬೇಕು. ಎರಡನೆಯದರಲ್ಲಿ ಬೇಯಿಸುವ, ಒಡೆಯುವ, ಸಿಪ್ಪೆ ತೆಗೆಯುವ ಕೆಲಸದ ನಯ ಕಾಣುತ್ತದೆ. ಕಾರ್ಖಾನೆಯ ಸಾಮರ್ಥ್ಯವೆಂದರೆ ಇದು.

ಕಂಪನಿಗಳ ಲೆಕ್ಕಪತ್ರದ ದತ್ತಸಂಗ್ರಹವಾದ ಪ್ರೊವೆಸ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ಅದರಲ್ಲಿರುವುದು ಕಂಪನಿಗಳು, ಇಲ್ಲಿನ ಪಾಲುದಾರಿಕೆ, ಏಕ ಒಡೆತನದ ಘಟಕಗಳು ಸಿಗುವುದು ಕಷ್ಟ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಎಣಿಸುವುದು ಕಾರ್ಖಾನೆಗಳನ್ನು, ಆಮದು-ರಫ್ತು ಕೋಡ್ ಸಂಖ್ಯೆ (ಐಇಸಿ) ಇರುವುದು ಮಾಲೀಕ ಸಂಸ್ಥೆಗೆ. ಒಂದೇ ಸಂಸ್ಥೆಗೆ ಮೂರು ಕಾರ್ಖಾನೆಗಳಿದ್ದರೆ ಎರಡು ಲೆಕ್ಕ ಹೊಂದುವುದಿಲ್ಲ. ಕೊನೆಗೆ ಕಾರ್ಖಾನೆಗಳ ದಫ್ತರ ನೋಡಿಯೇ ಮಾಹಿತಿ ತರಬೇಕಾಗುತ್ತದೆ. ಆಗ 'ವ್ಯಾಪಾರಿ ರಫ್ತುದಾರರ (ಬೇರೆಯವರ ಸರಕು ಕೊಂಡು ರಫ್ತು ಮಾಡುವವರ) ಮೂಲಕ ಮಾರುತ್ತೀರಾ?' ಎಂದು ತಪ್ಪದೆ ಕೇಳಿ. ಇಲ್ಲವಾದರೆ ಅಂಥವರು ರಫ್ತು ಮಾಡದವರ ಸಾಲಿಗೆ ಬೀಳುತ್ತಾರೆ.

ಪ್ರಶ್ನೆ: ಪಣಂಬೂರು ಬಂದರಿನ ಅಂಕಿಅಂಶವನ್ನು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಗೇರುಬೀಜ ರಫ್ತು ಎಂದು ಬಳಸಬಹುದೇ? ಕಿಲೋ ಬೆಲೆಯನ್ನು ಗುಣಮಟ್ಟದ ಅಳತೆಗೆ ತೆಗೆದುಕೊಳ್ಳಬಹುದೇ?
– ಓದುಗರು, ಕಾರ್ಕಳ

ಉತ್ತರ: ಎರಡೂ ಬೇಡ. ಬಂದರಿನ ದಾಖಲೆ ಸರಕು ಹಡಗು ಹತ್ತಿದ ಜಾಗ ಹೇಳುತ್ತದೆ, ತಯಾರಾದ ಜಾಗವನ್ನಲ್ಲ. ಕಾರ್ಕಳದ ಡಬ್ಬಿ ಕೊಚ್ಚಿಯಿಂದಲೂ ಹೋಗಬಹುದು. ಬೆಲೆಯ ವಿಷಯಕ್ಕೆ ಬಂದರೆ, ಇಡಿ ಬೀಜಕ್ಕೆಲ್ಲ 08013220 ಎಂಬ ಒಂದೇ ಕಸ್ಟಮ್ಸ್ ಕೋಡ್. ಪೌಂಡಿಗೆ ಸುಮಾರು 180 ಬರುವ ದಪ್ಪ ಬೀಜವೂ 320 ಬರುವ ಸಣ್ಣದೂ ಅದರೊಳಗೇ. ದಪ್ಪ ಬೀಜ ಹೆಚ್ಚು ಹೋದ ವರ್ಷ ಸರಾಸರಿ ಬೆಲೆ ತಾನಾಗಿ ಏರುತ್ತದೆ. ಗ್ರೇಡ್‌ವಾರು ಬೆಲೆ ಇನ್‌ವಾಯ್ಸ್‌ನಲ್ಲೇ ಇರುತ್ತದೆ, ಅದನ್ನೇ ಕೇಳಿ ಪಡೆಯಿರಿ.