ಆರು ನಿಮಿಷ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ತಂದೆಯವರು ಬಸ್ ನಿಲ್ದಾಣದ ಬಳಿ ಕೊಂಡಿದ್ದ ಹಳೆಯ ಕಪ್ಪು-ಬಿಳುಪು ಚಿತ್ರವೊಂದರ ಡಿವಿಡಿ 144 ನಿಮಿಷಕ್ಕೇ ಮುಗಿಯುತ್ತದೆ. ಅದೇ ಚಿತ್ರದ ಬಣ್ಣದ ಪ್ರತಿ 150 ನಿಮಿಷವಿದೆ. ಆದರೆ ಅದರಲ್ಲಿ ಪಾತ್ರಗಳ ತಲೆಯೇ ಕತ್ತರಿಸಿ ಹೋಗಿದೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಡಿವಿಡಿಯಲ್ಲಿ ಒಂದು ದೃಶ್ಯವೂ ಬಿಟ್ಟುಹೋಗಿರಲಿಕ್ಕಿಲ್ಲ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಂತೆ (ಅಂದರೆ ಬಿಡಿ ಚಿತ್ರಗಳಂತೆ) ಓಡುವ ಫಿಲಂ, ನಮ್ಮ ಟಿವಿ-ಡಿವಿಡಿಗಳ ‘ಪಾಲ್’ ಎಂಬ ವಿಡಿಯೊ ಪದ್ಧತಿಗೆ ಇಳಿಸುವಾಗ ಸಾಮಾನ್ಯವಾಗಿ 25 ಚೌಕಟ್ಟುಗಳ ವೇಗದಲ್ಲಿ ಓಡುವುದರಿಂದ, 150 ನಿಮಿಷದ ಚಿತ್ರ ಸರಿಯಾಗಿ 144 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯೂ ಅಷ್ಟೇ ಏರುತ್ತದೆ: ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಡಿವಿಡಿಯ ಹಾಡಿನೊಂದಿಗೆ ನುಡಿಸಿ ನೋಡಿ, ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರಿದ್ದು, ಹಾರ್ಮೋನಿಯಂನ ಯಾವ ಕೀಲಿಗೂ ಕೂಡುವುದಿಲ್ಲ.

ತಲೆ ಕತ್ತರಿಸಿರುವುದು ಇದಕ್ಕಿಂತ ದೊಡ್ಡ ಅಪಚಾರವೆಂದು ನನ್ನ ಅಭಿಪ್ರಾಯ. ಅಗಲ-ಎತ್ತರ 4:3 ಅಳತೆಯ ಚಿತ್ರವನ್ನು ಅಗಲ ಟಿವಿಯ 16:9 ಪರದೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದ ಕಾಲು ಭಾಗ ನಷ್ಟವಾಗುತ್ತದೆ. ಬಣ್ಣ ಹಚ್ಚುವುದನ್ನಂತೂ ನಾನು ಪೂರ್ತಿ ತಳ್ಳಿಹಾಕಲಾರೆ. 1965ರ ‘ಸತ್ಯ ಹರಿಶ್ಚಂದ್ರ’, 1971ರ ‘ಕಸ್ತೂರಿ ನಿವಾಸ’ ಬಣ್ಣದಲ್ಲಿ ಮರಳಿ ಬಂದು ಹೊಸ ಪ್ರೇಕ್ಷಕರನ್ನು ಕಂಡವು. ಆದರೂ ಕಪ್ಪು-ಬಿಳುಪಿಗೆಂದೇ ಹೊಂದಿಸಿದ ನೆರಳು-ಬೆಳಕಿನ ಮೇಲೆ ಬಳಿದ ಬಣ್ಣ ಮುಖಗಳನ್ನು ಮಂಕಾಗಿಸುವುದುಂಟು.

ಮೂಲದ ಉದ್ದ ತಿಳಿಯಲು ಚಿತ್ರದ ಆರಂಭದ ಸೆನ್ಸಾರ್ ಪ್ರಮಾಣಪತ್ರವನ್ನು ನಿಲ್ಲಿಸಿ ಓದಿ. ಅಲ್ಲಿ ಉದ್ದ ಮೀಟರಿನಲ್ಲಿದ್ದರೆ 27.4ರಿಂದ ಭಾಗಿಸಿ, ನಿಮಿಷ ಸಿಗುತ್ತದೆ. ಸದ್ಯಕ್ಕೆ ತಂದೆಯವರ ಡಿವಿಡಿಯನ್ನೇ ಜೋಪಾನವಾಗಿಡಿ.